ಕನ್ನಡಕದ ಹೊಳಪು

ಕಪಿಲೆಯ ದಂಡೆಯ ಮೇಲೆ ಸೀತಾಪತಿ ಮೇಷ್ಟ್ರ ಕೋಣೆ. ಊರಿನವರು ತಮಾಷೆಗೆ ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿ ಜಿಂಕೆಗಳಿರಲಿಲ್ಲ, ಹೋಮದ ಹೊಗೆ ಇರಲಿಲ್ಲ. ಬೀರುವಿನಷ್ಟು ಎತ್ತರದ ಒಂದು ಯಂತ್ರವಿತ್ತು.

ಫೋಟೋ ತಿದ್ದುವ ಯಂತ್ರ ಅದು. ಒಂದು ಕಾಲಕ್ಕೆ ದೊಡ್ಡ ಪಟ್ಟಣದ ದೊಡ್ಡ ಪ್ರೆಸ್ಸುಗಳಲ್ಲಿ ಮಾತ್ರ ಇರುತ್ತಿತ್ತು. ಅದಕ್ಕೆಂದೇ ಎ.ಸಿ. ಕೋಣೆ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಆಮೇಲೆ ಮೇಜಿನ ಮೇಲಿಡುವ ಕಂಪ್ಯೂಟರುಗಳೇ ಆ ಕೆಲಸ ಕಲಿತುಬಿಟ್ಟವು. ಪ್ರೆಸ್ಸಿನವರು ಯಂತ್ರವನ್ನು ಗುಜರಿಗೆ ಹಾಕಲು ಹೊರಟಾಗ, ಅದರ ಮುಂದೆ ಅರ್ಧ ಆಯುಷ್ಯ ಕೂತಿದ್ದ ಮೇಷ್ಟ್ರು ಲಾರಿಯಲ್ಲಿ ಹೇರಿಕೊಂಡು ಊರಿಗೆ ತಂದರು. ಚಪ್ಪಲಿಯ ನಿಯಮವೂ ಜೊತೆಗೇ ಬಂತು.

ಶಿಷ್ಯೆ ವನಮಾಲಾ ಒಂದು ದಿನ ಕೇಳಿದಳು, "ಮೇಷ್ಟ್ರೇ, ಪೇಟೆ ಸ್ಟುಡಿಯೋಗೆ ಹೊಸ ಕಂಪ್ಯೂಟರ್ ಬಂದಿದೆ. ಬ್ರಷ್ ಎಳೆದ ತಕ್ಷಣ ಚಿತ್ರ ಬದಲಾಗುತ್ತೆ. ನಮ್ಮದು ತಿದ್ದಿ ಮುಗಿಸಿದ ಮೇಲೂ ಮಧ್ಯಾಹ್ನವೆಲ್ಲ ಗುಂಯ್ ಅಂತಿರುತ್ತೆ. ಅಷ್ಟು ಹೊತ್ತು ಏನು ಮಾಡುತ್ತೆ ಇದು?"

"ನೀನು ಹೇಳಿದ್ದನ್ನ ಮಾಡುತ್ತೆ."

"ಹಾಗಾದ್ರೆ ನಾನು ತಿದ್ದುವಾಗ?"

"ಕೇಳಿಸಿಕೊಳ್ಳುತ್ತೆ."

ಅವಳಿಗೆ ಅರ್ಥವಾಗಲಿಲ್ಲ. ಪೇಟೆಯ ಕಂಪ್ಯೂಟರಿನ ಮೇಲೆ ಮನಸ್ಸು ಹೋಗಿಬಿಟ್ಟಿತ್ತು, ಅಷ್ಟೆ.

ಆ ವಾರ ಚಿಕ್ಕತಾಯಮ್ಮ ಎಂಬ ವಿಧವೆ ಬಂದಳು. ತೀರಿಕೊಂಡ ಗಂಡ ಹಳ್ಳಿಯ ಫೋಟೋಗ್ರಾಫರ್ ಆಗಿದ್ದ. ಕನ್ನಡಕ ಹಾಕಿದ ಅವನ ಮುಖವಿದ್ದ ಒಂದು ಹಳೆಯ ನೆಗೆಟಿವ್ ತಂದಿದ್ದಳು. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಎಂದಳು.

ಬೂಷ್ಟು ಹಿಡಿದ ನೆಗೆಟಿವ್ ಸ್ಕ್ಯಾನ್ ಮಾಡಿ ತೆಗೆಯುವಾಗಲೇ ಚೂರುಚೂರಾಯಿತು. ಇನ್ನು ಆ ಚಿತ್ರ ಇರುವುದು ಯಂತ್ರದೊಳಗೆ ಮಾತ್ರ.

"ಇದು ಪೂರ್ತಿ ನಿನ್ನ ಕೆಲಸ," ಎಂದರು ಮೇಷ್ಟ್ರು.

ವನಮಾಲಾ ಹಿಗ್ಗಿದಳು. ಬೂಷ್ಟಿನ ಕಲೆ ತೆಗೆದಳು. ಷರಟಿನ ಮೇಲಿನ ಗೀರು ತೆಗೆದಳು. ಕನ್ನಡಕದ ಒಂದು ಗಾಜಿನ ಮೇಲೆ ಬಿಳಿಯ ಹೊಳಪು ಕೂತಿತ್ತು. ಅದನ್ನೂ ತೆಗೆದು, ಅಡಿಯಲ್ಲಿ ಮುಚ್ಚಿಹೋಗಿದ್ದ ಕಣ್ಣನ್ನು ಇನ್ನೊಂದು ಕಣ್ಣು ನೋಡಿ ತುಂಬಿದಳು. ಕಣ್ಣು ಜೀವಂತವಾಗಿ ಬಂತು.

"ದೊಡ್ಡದು ಮಾಡಿ ನೋಡಿದೆಯಾ?" ಮೇಷ್ಟ್ರು ಕೇಳಿದರು.

"ನೋಡಿದೆ."

ನೋಡಿರಲಿಲ್ಲ. ದೊಡ್ಡದು ಮಾಡಿದರೆ ಆ ಪರದೆ ಗೆರೆಗೆರೆಯಾಗಿ ತುಂಬಿಕೊಳ್ಳುತ್ತಿತ್ತು. ಅದನ್ನು ಕಾಯುವ ತಾಳ್ಮೆ ಅವಳಿಗಿರಲಿಲ್ಲ.

ಚಿಕ್ಕತಾಯಮ್ಮ ಬಂದು, ಚಪ್ಪಲಿ ಹೊರಗೆ ಬಿಟ್ಟು, ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು.

"ಚೆಂದಾಗದೆ ಕಣವ್ವ," ಎಂದಳು. "ಆದ್ರೆ ನಾನೆಲ್ಲಿ?"

"ಇದರಲ್ಲಿ ಯಜಮಾನರೊಬ್ಬರೇ ಇದ್ದದ್ದಮ್ಮ."

"ನಾನೂ ಇದ್ದೆ. ಊರೋರ ಮದುವೆ ಎಲ್ಲ ತೆಗೆದ್ರು, ನಮ್ಮಿಬ್ಬರದು ಒಂದೂ ಇಲ್ಲ. ಅವತ್ತೊಂದು ದಿನ ಕ್ಯಾಮೆರಾ ನನ್ನ ಕೈಗೆ ಕೊಟ್ಟು ಒತ್ತು ಅಂದ್ರು. ನಾನು ಕಿಟಕಿ ಮುಂದೆ ನಿಂತಿದ್ದೆ. ಅವರ ಕನ್ನಡಕದಲ್ಲಿ ಬಂದಿದ್ದೆ."

ವನಮಾಲಾಳಿಗೆ ಅಳು ಬಂತು.

"ಅಳಿಸಿಬಿಟ್ಟೆ ಮೇಷ್ಟ್ರೇ. ನೆಗೆಟಿವೂ ಇಲ್ಲ. ದೊಡ್ಡದು ಮಾಡಿ ನೋಡೇ ಇರಲಿಲ್ಲ. ಸುಳ್ಳು ಹೇಳಿದೆ."

"ಗೊತ್ತು. ನೋಡಿದ್ದಿದ್ರೆ ಅಷ್ಟು ಬೇಗ ಊಟಕ್ಕೆ ಏಳ್ತಿರಲಿಲ್ಲ," ಎಂದರು ಮೇಷ್ಟ್ರು. "ಅಳಬೇಡ, ಕೂತ್ಕೋ."

ಅವಳು ಯಂತ್ರದ ಮುಂದೆ ಕೂತಳು.

"ನೀನು ಮುಟ್ಟಿದ್ದು ಚಿತ್ರವನ್ನಲ್ಲ, ಅದರ ನೆರಳನ್ನ. ನೀನು ಎಳೆದ ಒಂದೊಂದು ಗೆರೆಯನ್ನೂ ಇದು ಪಕ್ಕಕ್ಕೆ ಇಟ್ಟುಕೊಂಡಿದೆ. ಪ್ರಿಂಟಿಗೆ ಬೇರೆ ಪ್ರತಿ ಮಾಡಿಕೊಟ್ಟಿತು. ಮೂಲ ಹಾಗೇ ಇದೆ. ಕನ್ನಡಕದ ಮೇಲೆ ಎಳೆದದ್ದನ್ನಷ್ಟೇ ವಾಪಸ್ ತಗೋ."

ತಗೊಂಡಳು. ಹೊಳಪು ಮರಳಿ ಬಂತು.

"ಈಗ ದೊಡ್ಡದು ಮಾಡು."

ಪರದೆ ಮೇಲಿನಿಂದ ಗೆರೆಗೆರೆಯಾಗಿ ತುಂಬತೊಡಗಿತು. ಮೂವರೂ ಕಾದರು. ಮೊದಲು ಕಿಟಕಿಯ ಚೌಕಟ್ಟು ಬಂತು. ಆಮೇಲೆ ಬೆಳಕು. ಬೆಳಕಿನ ನಡುವೆ ಒಂದು ಕಪ್ಪು ಆಕಾರ, ತಲೆಯ ಮೇಲೆ ಸೆರಗು, ಎದೆಗೊತ್ತಿ ಹಿಡಿದ ಕ್ಯಾಮೆರಾ.

"ಅಗೋ," ಎಂದಳು ಚಿಕ್ಕತಾಯಮ್ಮ.

ಆ ಮಧ್ಯಾಹ್ನ ಅವಳು ಊರಿನ ಬಸ್ಸು ಹೋದರೆ ಹೋಗಲಿ ಎಂದು, ಹೊಸ ಪ್ರಿಂಟಿಗಾಗಿ ಗುಂಯ್ ಎನ್ನುವ ಯಂತ್ರದ ಪಕ್ಕದಲ್ಲೇ ಕೂತಳು. ಎಷ್ಟು ಹೊತ್ತಾಗುತ್ತೆ ಎಂದು ಒಮ್ಮೆಯೂ ಕೇಳಲಿಲ್ಲ. ವನಮಾಲಾಳೂ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಯಂತ್ರ ನಿಂತುಹೋಯಿತು. ಅದರ ಬಿಡಿಭಾಗ ಎಲ್ಲೂ ಸಿಗಲಿಲ್ಲ, ಮಾಡುವವರೇ ಉಳಿದಿರಲಿಲ್ಲ. ವನಮಾಲಾಳನ್ನು ಪೇಟೆ ಸ್ಟುಡಿಯೋದವರು ಕೆಲಸಕ್ಕೆ ಕರೆದಿದ್ದರು. ಅವಳು ಒಪ್ಪಿಕೊಂಡಿದ್ದಳು. ಒಪ್ಪಿಕೊಂಡಾಗ ಅಂದುಕೊಂಡಷ್ಟು ಸಂತೋಷವಾಗಿರಲಿಲ್ಲ.

ಗುಜರಿಯವರು ಬರುವ ದಿನ ಬೆಳಿಗ್ಗೆ ಅವಳು ಕ್ಯಾಮೆರಾ ತಂದಳು.

"ಒಂದು ಫೋಟೋ ಮೇಷ್ಟ್ರೇ. ನೀವು, ಯಂತ್ರ."

ಮೇಷ್ಟ್ರು ಶಲ್ಯ ಸರಿಮಾಡಿಕೊಂಡು ಯಂತ್ರದ ಪಕ್ಕ ಕೂತರು. ಅವಳು ಕಿಟಕಿಗೆ ಬೆನ್ನುಹಾಕಿ ನಿಂತಳು. ಅವರ ದಪ್ಪ ಕನ್ನಡಕದ ತುಂಬ ಹೊಳೆಯ ಬಿಸಿಲು. ಅಭ್ಯಾಸಬಲ, ಹೊಳಪು ಬೀಳದಂತೆ ಮುಚ್ಚಲು ಅವಳ ಕೈ ಹಿಂದೆ ಚಾಚಿ ಕಿಟಕಿಯ ಬಾಗಿಲನ್ನು ಹಿಡಿಯಿತು.

"ಕಿಟಕಿ ತೆಗೆದೇ ಇರಲಿ," ಎಂದರು ಮೇಷ್ಟ್ರು. "ನೀನೂ ಬರಬೇಕಲ್ಲಮ್ಮ ಇದರಲ್ಲಿ."