ಯಾರದು ಅಂದರೆ ನಾನು

ಕೆಂಚನದುರ್ಗದ ರಂಗಪ್ಪನಾಯಕನಿಗೆ ವಯಸ್ಸಾಗಿತ್ತು, ಮಕ್ಕಳಿರಲಿಲ್ಲ. ತನ್ನ ನಂತರ ದುರ್ಗ ಆಳುವವನನ್ನು ಕಣ್ಣೆದುರೇ ಆರಿಸಿಬಿಡಬೇಕೆಂದು ಅವನ ಆಸೆ. ಅದೇ ವರ್ಷ ಪಂಜಿನವರ ಕಾಟ ಶುರುವಾಗಿತ್ತು. ಅವರು ಎಲ್ಲಿಯವರೋ ಯಾರಿಗೂ ತಿಳಿಯದು. ಪಂಜು ಹಿಡಿದು ಬರುವರು, ಯಾವುದಾದರೊಂದು ಹಳ್ಳಿಯ ಬಣವೆಗಳಿಗೆ ಬೆಂಕಿಯಿಟ್ಟು ಮಾಯವಾಗುವರು. ಸುಡುತ್ತಿದ್ದುದು ಒಂದು ಹಳ್ಳಿ, ನಿದ್ದೆಗೆಡುತ್ತಿದ್ದುದು ಇಪ್ಪತ್ತು ಹಳ್ಳಿ.

ಪಂಜಿನವರಿಂದ ದುರ್ಗವನ್ನು ಕಾಯಬಲ್ಲವನಿಗೇ ಪಟ್ಟ ಎಂದು ನಾಯಕ ಡಂಗುರ ಸಾರಿಸಿದ. ಇಬ್ಬರು ಮುಂದೆ ಬಂದರು.

ಮೊದಲನೆಯವನು ಭೈರಮಲ್ಲ. ಮೀಸೆ ತೀಡಿಕೊಂಡು ಹೇಳಿದ: "ನನ್ನ ಹೆಸರು ಕೇಳಿದರೆ ಸಾಕು ದೊರೆಗಳೇ, ಅವರ ಪಂಜು ತಾನಾಗಿ ಆರುತ್ತದೆ. ಪಟ್ಟ ಕಟ್ಟಿದ ದಿನವೇ ಬಳೆಗಾರರ ಕೇರಿಯನ್ನು ಕೋಟೆಯಿಂದ ಹೊರಗೆ ಹಾಕುತ್ತೇನೆ. ನಲವತ್ತು ಮನೆ, ಎಲ್ಲರೂ ಹೊಳೆಯಾಚೆಯಿಂದ ಬಂದವರು."

ಎರಡನೆಯವನು ಸಿದ್ದರಸ. ಪಿಸುಮಾತಿನ ಆಸಾಮಿ. "ನನ್ನ ಗೂಢಚಾರರಿಲ್ಲದ ಬೀದಿಯಿಲ್ಲ. ಯಾರ ಮನೆಯಲ್ಲಿ ಇವತ್ತು ಏನು ಸಾರು ಎಂಬುದೂ ನನಗೆ ಗೊತ್ತು. ನಾನಾದರೆ ಬಳೆಗಾರರ ಜೊತೆಗೆ ಕುಂಬಾರರ ಕೇರಿಯನ್ನೂ ಹೊರಗೆ ಹಾಕುತ್ತೇನೆ."

"ಕುಂಬಾರರು ಇಲ್ಲಿಯವರೇ ಅಲ್ಲವೇ?" ಎಂದ ಆಸ್ಥಾನದ ಸಲಹೆಗಾರ ಹಂಪಯ್ಯ.

"ಹೌದು. ಆದರೆ ಪಕ್ಕದ ಕೇರಿ."

"ಪಂಜಿನವರು ಹೊಳೆಯಾಚೆಯವರು ಎಂದು ಹೇಳಿದವರು ಯಾರು?"

"ಅಲ್ಲ ಎಂದು ಹೇಳಿದವರು ಯಾರು?"

ಸಭೆ ತಲೆದೂಗಿತು. ಹಂಪಯ್ಯ ಮಾತ್ರ ತಲೆದೂಗಲಿಲ್ಲ. ಅವನ ಮದುವೆಯ ದಿನ ಅವನ ಹೆಂಡತಿಗೆ ಬಳೆ ತೊಡಿಸಿದವಳು ಆ ಕೇರಿಯ ಅಂಕಮ್ಮ. ಈ ವಯಸ್ಸಿನಲ್ಲಿ ಆಕೆ ಗಾಜಿನ ಬಳೆಗಳ ಮಲಾರ ಹೊತ್ತು ಎಲ್ಲಿಗೆ ಹೋಗಬೇಕು?

"ಹಂಪಯ್ಯ, ಇಬ್ಬರನ್ನೂ ತೂಗಿ ನೋಡು," ಎಂದ ನಾಯಕ. "ಮೂರು ದಿನ ಕೊಟ್ಟಿದ್ದೇನೆ. ನಿನ್ನಿಂದಾಗದಿದ್ದರೆ ಭೈರಮಲ್ಲನಿಗೇ ಪಟ್ಟ. ಅವನ ಮೀಸೆ ದೊಡ್ಡದು."

ಮರುದಿನ ದೀಪ ಹಚ್ಚುವ ಹೊತ್ತಿಗೆ ಹಂಪಯ್ಯ ಮುಖ ಮುಚ್ಚುವಂತೆ ಕಂಬಳಿ ಹೊದ್ದು ಭೈರಮಲ್ಲನ ಬಾಗಿಲು ಬಡಿದ.

"ಯಾರದು?" ಎಂದ ಒಳಗಿನ ಕಾವಲುಗಾರ.

"ನಾನು."

"ಓ, ನೀವಾ," ಎಂದು ಅವನು ಅಗುಳಿ ತೆಗೆದ. ಹಂಪಯ್ಯ ಒಳಗೆ ಹೋಗಿ, ಗೋಡೆಗೆ ತೂಗುಹಾಕಿದ್ದ ಭೈರಮಲ್ಲನ ಕತ್ತಿ ತೆಗೆದುಕೊಂಡು, ಕೊಟ್ಟ ಮಜ್ಜಿಗೆ ಕುಡಿದು ಹೊರಟ.

ಸಿದ್ದರಸನ ಮನೆಯಲ್ಲೂ ಯಾರದು ಎಂದರು. ಇವನು ನಾನು ಎಂದ. ಬಾಗಿಲು ಇನ್ನೂ ಬೇಗ ತೆರೆಯಿತು. ಆ ಮನೆಗೆ ಮುಖ ಮುಚ್ಚಿಕೊಂಡು ಬರುವವರೆಲ್ಲ ಗೂಢಚಾರರೇ. ಅನುಮಾನದ ಮಂದಿಯ ಹೆಸರಿದ್ದ ಕಡತವನ್ನು ಹಂಪಯ್ಯ ಕಂಕುಳಲ್ಲಿಟ್ಟುಕೊಂಡು ಬಂದ.

ಕೊನೆಗೆ ಬಳೆಗಾರರ ಕೇರಿ. ಹೊರಗೆ ಹಾಕುವ ಮಾತು ಕಿವಿಗೆ ಬಿದ್ದಾಗಿನಿಂದ ಅವರು ಕೇರಿಯ ಬಾಯಿಗೆ ಒಂದು ಬಾಗಿಲು ಇಟ್ಟುಕೊಂಡಿದ್ದರು. ಅದರ ಹಿಂದೆ ಅಂಕಮ್ಮ ಕೂತಿದ್ದಳು.

"ಯಾರದು?"

"ನಾನು."

"ನಾನು ಅಂದ್ರೆ? ನಾನೂ ನಾನೇ. ಹೆಸ್ರು ಹೇಳಪ್ಪ."

"ಹಂಪಯ್ಯ. ಆಸ್ಥಾನದವನು."

"ಹಂಗೆ ಯಾರು ಬೇಕಾದ್ರೂ ಹೇಳ್ಬೋದು. ಹೋದ ಗೌರಿ ಹಬ್ಬಕ್ಕೆ ಹಂಪಯ್ಯನೋರ ಹೆಂಡ್ತಿಗೆ ನಾನೇ ಬಳೆ ತೊಡಿಸ್ದೆ. ಯಾವ ಬಣ್ಣ, ಹೇಳು?"

ಹಂಪಯ್ಯ ಕಂಬಳಿಯೊಳಗೆ ಬೆವೆತ. "ಹಸಿರು?" ಎಂದ.

"ಅದು ಎಲ್ರೂ ಹೇಳೋ ಬಣ್ಣ. ಹೋಗಪ್ಪ, ಕತ್ಲಾಗೈತೆ."

ಹಂಪಯ್ಯ ಮನೆಗೆ ಹೋಗಿ ಹೆಂಡತಿಯ ಕೈ ನೋಡಿದ. ನೇರಳೆ ಬಣ್ಣ. ಯಾಕೆ ನೋಡಿದಿರಿ ಎಂದು ಅವಳು ಕೇಳಿದ್ದಕ್ಕೆ ರಾಜಕಾರ್ಯ ಎಂದ. ಆ ಮಾತನ್ನು ಅವಳು ನಂಬಲಿಲ್ಲ.

ಮೂರನೆಯ ದಿನ ಸಭೆಯಲ್ಲಿ ಹಂಪಯ್ಯ ಕತ್ತಿಯನ್ನೂ ಕಡತವನ್ನೂ ನಾಯಕನ ಮುಂದಿಟ್ಟ. ಭೈರಮಲ್ಲ ಸೊಂಟ ಮುಟ್ಟಿ ನೋಡಿಕೊಂಡ, ಸಿದ್ದರಸ ಕಂಕುಳು ಮುಟ್ಟಿ ನೋಡಿಕೊಂಡ.

"ದೊರೆಗಳೇ, ಇವರ ಮನೆಗಳಲ್ಲಿ ನಾನು ಎಂದರೆ ಸಾಕು, ಬಾಗಿಲು ತೆರೆಯುತ್ತದೆ. ಪಂಜಿನವರೂ ನಾನು ಎಂದೇ ಹೇಳುವುದು. ಪಂಜಿನವನು ಎಂದು ಹೇಳಿಕೊಂಡು ಬಂದವನು ಇದುವರೆಗೆ ಒಬ್ಬನೂ ಇಲ್ಲ."

"ಬಳೆಗಾರರ ಕೇರಿಯಿಂದ ಏನು ತಂದೆ?"

"ಏನೂ ಇಲ್ಲ. ಒಳಗೆ ಬಿಡಲಿಲ್ಲ."

ನಡೆದದ್ದನ್ನೆಲ್ಲ ಕೇಳಿ ನಾಯಕ ಸಿಂಹಾಸನ ಅಲುಗುವಂತೆ ನಕ್ಕ. ಕೇರಿಯನ್ನು ಹೊರಗೆ ಹಾಕುವ ಮಾತು ಅಲ್ಲಿಗೇ ಬಿತ್ತು. ಕೋಟೆಯ ಹೆಬ್ಬಾಗಿಲ ಬೀಗದ ಕೈ ಅಂಕಮ್ಮನ ಸೆರಗಿನ ಗಂಟು ಸೇರಿತು. ಪಟ್ಟದ ವಿಷಯಕ್ಕೆ ನಾಯಕ, "ಸದ್ಯಕ್ಕೆ ನಾನೇ ಇನ್ನಷ್ಟು ವರ್ಷ ಬದುಕುತ್ತೇನೆ," ಎಂದ.

ನಾಲ್ಕು ದಿನದ ಮೇಲೆ ನಾಯಕ ಬೇಟೆ ಮುಗಿಸಿ ಹಂಪಯ್ಯನೊಂದಿಗೆ ಮರಳಿದ. ಸಂಜೆಗತ್ತಲು. ಹೆಬ್ಬಾಗಿಲು ಮುಚ್ಚಿತ್ತು.

"ಯಾರದು?" ಎಂಬ ಅಂಕಮ್ಮನ ದನಿ ಒಳಗಿನಿಂದ ಬಂತು.

"ನಾನು. ರಂಗಪ್ಪನಾಯಕ."

"ಹಂಗಾ ಬುದ್ಧಿ. ರಾಣಿಯಮ್ಮೋರ ಕೈಯಾಗೆ ಈಗ ಯಾವ ಬಳೆ ಐತೆ?"

ನಾಯಕ ಮೀಸೆ ಮುಟ್ಟಿಕೊಂಡ. ಮೂವತ್ತು ವರ್ಷದ ಸಂಸಾರವನ್ನೆಲ್ಲ ನೆನಪಿಸಿಕೊಂಡ. ಒಂದು ಬಳೆಯೂ ನೆನಪಿಗೆ ಬರಲಿಲ್ಲ. ಹಂಪಯ್ಯನತ್ತ ತಿರುಗಿ ಮೆಲ್ಲಗೆ ಕೇಳಿದ: "ಈಗೇನು ಮಾಡೋಣವಯ್ಯ?"

ಹಂಪಯ್ಯ ಹೆಗಲ ಮೇಲಿನ ಕಂಬಳಿ ತೆಗೆದು ಕೋಟೆಗೋಡೆಯ ಬುಡದಲ್ಲಿ ಇಬ್ಬರಿಗಾಗುವಷ್ಟು ಹಾಸಿದ.

"ನಿಶ್ಚಿಂತೆಯಾಗಿ ಮಲಗಿ ದೊರೆಗಳೇ. ದುರ್ಗ ಭದ್ರವಾಗಿದೆ."