ದೊರೆಯ ಮೊಣಕೈ ಮತ್ತು ಪುಕ್ಕಟೆ ದೋಣಿ

ಹಾಲುಹೊಳೆಯ ದೊರೆ ಚೆಲುವರಾಯ, ಯಾರ ಮಾತಾದರೂ ರುಚಿಸಿತೆಂದರೆ ಸಿಂಹಾಸನದ ಆ ಕಡೆಯ ದಿಂಬಿಗೆ ಮೊಣಕೈ ಊರಿ ವಾಲುತ್ತಿದ್ದ. ಹಾಗೆ ವಾಲುತ್ತಾನೆಂಬುದು ಇಡೀ ರಾಜ್ಯದಲ್ಲಿ ಗೊತ್ತಿಲ್ಲದಿದ್ದದ್ದು ಅವನೊಬ್ಬನಿಗೇ.

ಅವನ ಅಜ್ಜ ಒಂದು ಕಟ್ಟಳೆ ಮಾಡಿಟ್ಟು ಹೋಗಿದ್ದ. ಹೊಸ ಕಾನೂನು ಬರಬೇಕಾದರೆ ಸಭೆಯಲ್ಲಿ ಎರಡು ದಿನ ವಾದ ನಡೆಯಬೇಕು. ಬೇಕೆನ್ನುವವರು ಸಿಂಹಾಸನದ ಬಲಕ್ಕೆ, ಬೇಡವೆನ್ನುವವರು ಎಡಕ್ಕೆ. ವಾದ ಮುಗಿಯಿತೆಂದು ಗಂಟೆ ಬಾರಿಸುವವರೆಗೆ ರಾಜ ತುಟಿಪಿಟಕ್ಕೆನ್ನುವಂತಿಲ್ಲ. ರಾಜನ ಮನಸ್ಸು ಗೊತ್ತಾದರೆ ಬೇರೆಯವರು ತಮ್ಮ ಮನಸ್ಸು ಹೇಳುವುದಿಲ್ಲ ಎಂಬುದು ಅಜ್ಜನ ಎಣಿಕೆ.

ಚೆಲುವರಾಯ ಬಾಯಿಗೆ ಬೀಗ ಹಾಕಿಕೊಂಡೇ ಕೂರುತ್ತಿದ್ದ. ಪಾಪ, ಮೊಣಕೈಗೆ ಅಜ್ಜ ಕಟ್ಟಳೆ ಮಾಡಿರಲಿಲ್ಲ.

ಒಂದು ಸಲ ದೋಣಿಯ ವಿಚಾರ ಬಂತು. ಹೊಳೆಯ ಆಚೆ ದಡದವರನ್ನು ಅರಮನೆಯ ದೋಣಿ ಪುಕ್ಕಟೆ ದಾಟಿಸುತ್ತಿತ್ತು. ಅದನ್ನು ನಿಲ್ಲಿಸಿ ಸುಂಕ ಹಾಕಬೇಕೆಂದು ಪ್ರಧಾನಿ ನರಸಪ್ಪಯ್ಯ ಎದ್ದು ನಿಂತರು.

“ಬಿಟ್ಟಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ! ಇವತ್ತು ದೋಣಿ ಕೇಳುತ್ತಾರೆ. ನಾಳೆ ಹೊಳೆಯನ್ನೇ ಮನೆ ಬಾಗಿಲಿಗೆ ತನ್ನಿ ಅನ್ನುತ್ತಾರೆ!”

ದೊರೆಯ ಮೊಣಕೈ ಬಲದಿಂಬಿಗೆ ಊರಿತು. ಇಡೀ ಸಭೆ ಎದ್ದು ಬಲಕ್ಕೆ ಸರಿದು ಕುಳಿತಿತು. ಎಡಗಡೆ ಚಾಪೆಯ ಮೇಲೆ ಅರಮನೆಯ ಬೆಕ್ಕು ಮಾತ್ರ ಉಳಿಯಿತು.

ಸಂಜೆ ದೊರೆ ಲಿಂಗಾಜಮ್ಮನನ್ನು ಕರೆಸಿದ. ಅವಳು ಆಸ್ಥಾನದಲ್ಲಿ ಕತೆ ಹೇಳುವವಳು. ಸಭೆಯಲ್ಲಿ ಮೂಲೆ ಹಿಡಿದು ಕೂರುತ್ತಿದ್ದಳು. ನೋಡುವುದು ಮಾತ್ರ ಎಲ್ಲರಿಗಿಂತ ಹೆಚ್ಚು ನೋಡುತ್ತಿದ್ದಳು.

“ನೋಡಿದೆಯಾ ಲಿಂಗಾಜಮ್ಮ? ನಾನು ತುಟಿ ಬಿಚ್ಚಲಿಲ್ಲ. ಆದರೂ ಸಭೆಯೆಲ್ಲ ಒಂದೇ ಮಾತು! ಮನಸ್ಸಿಗೆ ಬಂದದ್ದನ್ನು ಆಡುವ ಸ್ವಾತಂತ್ರ್ಯ ಬೇರೆ ಯಾವ ರಾಜ್ಯದಲ್ಲಿದೆ?”

“ಎಲ್ಲೂ ಇಲ್ಲ ಮಹಾಸ್ವಾಮಿ. ಬೆಕ್ಕಿಗೂ ಎದುರುಪಕ್ಷದಲ್ಲಿ ಜಾಗ ಕೊಟ್ಟಿದ್ದೀರಿ.”

ದೊರೆ ಅದನ್ನು ಹೊಗಳಿಕೆಯೆಂದೇ ತಿಳಿದ.

ಲಿಂಗಾಜಮ್ಮ ಹೊರಗೆ ಬಂದರೆ ಹಿತ್ತಿಲ ಬಾಗಿಲಲ್ಲಿ ಅವಳ ಅಕ್ಕ ಕೆಂಚವ್ವ ಮೊಸರಿನ ಗಡಿಗೆ ಇಳಿಸಿಕೊಂಡು ಕಾದಿದ್ದಳು. ಆಚೆ ದಡದಿಂದ ದಿನಾ ಬಂದು ಪೇಟೆಯಲ್ಲಿ ಮೊಸರು ಮಾರುವವಳು.

“ಹೋಗೋಕೊಂದು, ಬರೋಕೊಂದು ಸುಂಕ ಕೊಟ್ಟರೆ ನನಗೆ ಉಳಿಯೋದು ಬರೀ ಗಡಿಗೆ ಕಣೇ. ನೀನೊಂದು ಮಾತು ಆಡಬಾರದಾ?”

“ಸಭೇಲಿ ನನಗೆ ಮಾತಾಡೋ ಹಕ್ಕಿಲ್ಲ ಅಕ್ಕ.”

“ಹಕ್ಕಿರೋರು ಏನು ಮಾಡಿದರು?”

“ಎದ್ದು ಜಾಗ ಬದಲಾಯಿಸಿದರು.”

“ಅಷ್ಟಕ್ಕೇ ಅವರಿಗೆ ದಿನಾ ಅರಮನೇಲಿ ಊಟ ಹಾಕ್ತಾರಾ? ಪುಕ್ಕಟೆ?”

ಲಿಂಗಾಜಮ್ಮನಿಗೆ ನಗು ಬಂತು. ನಗುವಿನ ಬೆನ್ನಿಗೇ ಒಂದು ಯೋಚನೆಯೂ ಬಂತು.

ಮಾರನೆಯ ಬೆಳಿಗ್ಗೆ ಅವಳು ಅರಮನೆಯ ಊಳಿಗದವನನ್ನು ಕರೆದು, “ಏನಪ್ಪಾ, ದೊರೆಗಳ ಬಲದಿಂಬಿನ ಹತ್ತಿ ಗಂಟುಗಂಟಾಗಿದೆ. ಹಿಂಜಿಸಿ ತರಬಾರದಾ?” ಎಂದಳು. ಅವನು ಗಾಬರಿಯಾಗಿ ದಿಂಬನ್ನು ಎತ್ತಿಕೊಂಡು ಓಡಿದ.

ಸಭೆ ಸೇರಿತು. ದೊರೆ ಬಲಕ್ಕೆ ಮೊಣಕೈ ಊರಿದ. ಬರೀ ಮರ, ಮೊಣಕೈ ಚುರ್ ಎಂದಿತು. ಸದ್ದಿಲ್ಲದೆ ಎಡಕ್ಕೆ ವಾಲಿ ಮೆತ್ತಗೆ ಕುಳಿತ.

ದಳವಾಯಿ ಬೊಮ್ಮಣ್ಣ ಆಗಲೇ ಶುರು ಮಾಡಿದ್ದ. “ಮಹಾಸ್ವಾಮಿ, ಈ ಸುಂಕ...” ಅಷ್ಟರಲ್ಲಿ ಮೊಣಕೈ ಕಣ್ಣಿಗೆ ಬಿತ್ತು. “ಸುಂಕ ಎಂಬ ಮಾತನ್ನೇ ನಾನು ಸಹಿಸಲಾರೆ!”

ನರಸಪ್ಪಯ್ಯನವರು ಒಮ್ಮೆ ಕೆಮ್ಮಿ ಎದ್ದರು. “ನಿನ್ನೆ ನಾನು ಆಡಿದ್ದು, ಕಲ್ಲೆದೆಯವರು ಹೇಗೆ ಮಾತಾಡುತ್ತಾರೆಂದು ತೋರಿಸಲು ಅಷ್ಟೇ. ಆಚೆ ದಡದವರು ನಡುವೆ ಹೊಳೆ ಬೇಕೆಂದು ಕೇಳಿದ್ದರೇ? ಕೇಳದೆ ಹೊಳೆ ಬಂದಿದೆ. ದೋಣಿಯನ್ನಾದರೂ ಕೊಡಬೇಡವೇ?”

ಸಭೆಯೆಲ್ಲ ಧರ್ಮ, ಕರುಣೆ ಎನ್ನುತ್ತ ಎಡಕ್ಕೆ ನುಗ್ಗಿತು. ಬೆಕ್ಕು ಬೇಸರಪಟ್ಟುಕೊಂಡು ಎದ್ದುಹೋಯಿತು.

ಗಂಟೆ ಹೊಡೆಯಿತು. ದೊರೆಗೆ ಈಗ ಬಾಯಿ ಬಂತು. “ಅಲ್ರಯ್ಯಾ, ನಿನ್ನೆ ಎಲ್ಲರೂ ನಿಲ್ಲಿಸಿ ಅಂದಿರಿ. ಇವತ್ತು ಎಲ್ಲರೂ...”

“ಆಳವಾಗಿ ಚಿಂತಿಸಿದೆವು ಮಹಾಸ್ವಾಮಿ!”

ಅಷ್ಟರಲ್ಲಿ ಊಳಿಗದವನು ಏದುಸಿರು ಬಿಡುತ್ತ ಬಂದು ಹಿಂಜಿಸಿದ ದಿಂಬನ್ನು ಬಲಕ್ಕಿಟ್ಟ. ದೊರೆ ರೂಢಿಯಂತೆ ಅದರ ಮೇಲೆ ವಾಲಿದ.

ಸಭೆಯ ಅರ್ಧ ಜನ ಎದ್ದು ನಿಂತರು.

ದೊರೆ ಹುಬ್ಬೇರಿಸಿದ. ಮೆಲ್ಲಗೆ ಎಡಕ್ಕೆ ವಾಲಿದ. ಎದ್ದವರು ಕುಳಿತರು. ಬಲಕ್ಕೆ ವಾಲಿದ. ಕುಳಿತವರು ಎದ್ದರು. ನರಸಪ್ಪಯ್ಯನವರಿಗೆ ಮಂಡಿನೋವು, ಅವರು ಎದ್ದೂ ಏಳದೆ ಕುಳಿತೂ ಕೂರದೆ ನಡುವೆಯೇ ನಿಂತುಬಿಟ್ಟರು.

ಮೂಲೆಯಲ್ಲಿ ಲಿಂಗಾಜಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗು ತಡೆಯುತ್ತಿದ್ದುದು ದೊರೆಯ ಕಣ್ಣಿಗೆ ಬಿತ್ತು.

“ಲಿಂಗಾಜಮ್ಮ! ಇದು ನಿನ್ನದೇ ಕೆಲಸ. ಹಕ್ಕಿಲ್ಲದಿದ್ದರೆ ಬೇಡ, ನಾನೇ ಕೇಳುತ್ತಿದ್ದೇನೆ, ಹೇಳು. ಈ ವಾದದಲ್ಲಿ ಧರ್ಮ ಯಾವ ಕಡೆಗಿದೆ?”

ಅವಳು ಎದ್ದು ನೆಲ ನೋಡುತ್ತ ಹೇಳಿದಳು. “ಧರ್ಮ ಯಾವ ಕಡೆಗಿದೆಯೋ ದೋಣಿ ಹತ್ತುವವರನ್ನು ಕೇಳಬೇಕು ಮಹಾಸ್ವಾಮಿ. ಸಭೆ ಮಾತ್ರ ಹತ್ತಿ ಯಾವ ಕಡೆಗಿದೆಯೋ ಆ ಕಡೆಗಿದೆ.”

ದೊರೆಯ ಮುಖ ಕೆಂಪಾಯಿತು. ಆಮೇಲೆ ಅವನ ಹೊಟ್ಟೆ ಕುಲುಕಾಡಿತು, ಕಿರೀಟ ಅಲುಗಾಡಿತು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

“ಎರಡು ದಿಂಬನ್ನೂ ಇವಳ ಮನೆಗೆ ಕಳಿಸಿ. ಜೊತೆಗೊಂದು ಒಳ್ಳೆಯ ಸೀರೆ. ಇನ್ನು ದೋಣಿಯ ಮಾತು. ನಿಮ್ಮಲ್ಲಿ ಒಬ್ಬರಾದರೂ ಎದ್ದು, ನನ್ನ ಕಡೆ ನೋಡದೆ, ಬೇಕು ಅಂತಲೋ ಬೇಡ ಅಂತಲೋ ಸ್ವಂತ ಮಾತು ಹೇಳುವ ತನಕ ದೋಣಿ ಪುಕ್ಕಟೆಯೇ!”

ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ, ನೆಟ್ಟಗೆ ಕುಳಿತ.

“ಹೂಂ. ಹೇಳಿ.”

ಹೊಳೆಯ ಕಡೆಯಿಂದ ಅಂಬಿಗನು ಜನರನ್ನು ದೋಣಿಗೆ ಕರೆಯುವ ಕೂಗು ತೇಲಿ ಬಂತು.

“ನಾನು ತಪ್ಪು ಅಂತಲೇ ಹೇಳಿ, ಪರವಾಗಿಲ್ಲ. ಕೈಮುಗಿದು ಕೇಳುತ್ತೇನೆ ಕಣ್ರಯ್ಯಾ, ಯಾರಾದರೂ ಒಬ್ಬರು ಏನಾದರೂ ಹೇಳಿ.”