ಬಾಗಿಲಿಗೆ ತೂಗಿದ ಉತ್ತರಗಳು

"ಗುರುಗಳೇ, ಗಿರಾಕಿಗಳನ್ನು ಉಳಿಸಿಕೊಳ್ಳಲು ನಾನು ಇನ್ನು ಏನು ಬರೆಯಬೇಕು?" ಎಂದು ಚನ್ನವೀರ ಕೇಳಿದ.

ಅವನದು ಗ್ಯಾಸ್ ಒಲೆ ತಯಾರಿಸುವ ಕಂಪನಿ. ಮಠದ ದಾಸೋಹಕ್ಕೂ ಅವನದೇ ಒಲೆ. ಮೂರು ವರ್ಷಗಳಿಂದ ಪ್ರತಿ ತಿಂಗಳೂ ಅವನು ಗಿರಾಕಿಗಳಿಗೆಲ್ಲ ಕಂಪನಿಯ ವಾರ್ತಾಪತ್ರ ಕಳುಹಿಸುತ್ತಿದ್ದ. ಅದರಲ್ಲಿ ಹಬ್ಬದ ಶುಭಾಶಯ, ಅಡುಗೆಯ ವಿಧಾನ, ಕಾರ್ಖಾನೆಯ ಸಮಾಚಾರ ಇರುತ್ತಿತ್ತು. ಆದರೂ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ಹೀಗೇ ಆದರೆ ವರ್ಷದೊಳಗೆ ಕಾರ್ಖಾನೆಗೆ ಬೀಗ ಹಾಕಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹೊಸ ಸಂಚಿಕೆಯನ್ನು ಗುರುಗಳ ಮುಂದಿಟ್ಟು ಕುಳಿತ.

ಗುರುಗಳು ಹಾಳೆಯನ್ನು ಬೆರಳಿನಿಂದ ಸವರಿ ನೋಡಿದರು. "ಇದು ಮಠಕ್ಕೂ ಬರುತ್ತದಪ್ಪ. ಕಾಗದ ಬಹಳ ನುಣುಪು. ಓದಿದವರು ಉತ್ತರ ಬರೆಯುತ್ತಾರೋ?"

"ಬೇಕಾದಷ್ಟು ಬರೆಯುತ್ತಾರೆ. ಎಲ್ಲವನ್ನೂ ಕಚೇರಿಯಲ್ಲಿ ಜೋಪಾನವಾಗಿ ಇಟ್ಟಿದ್ದೇವೆ."

ದಾಸೋಹದ ಅಡುಗೆಮನೆಯಿಂದ ಸೌದೆಯ ಹೊಗೆ ತೇಲಿಬಂತು. ಚನ್ನವೀರ ಕಣ್ಣುಜ್ಜಿಕೊಂಡ. ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಹಗ್ಗದ ವ್ಯಾಪಾರಿಯಿದ್ದ. ಸುತ್ತಲಿನ ಬಾವಿಗಳಿಗೆಲ್ಲ ಅವನದೇ ಹಗ್ಗ. ಗಿರಾಕಿಗಳು ತನ್ನನ್ನು ಮರೆಯಬಾರದು ಎಂದು ಅವನು ತಿಂಗಳಿಗೊಂದು ಪತ್ರ ಬರೆಸಿ ಮನೆಮನೆಗೆ ಕಳುಹಿಸುತ್ತಿದ್ದ. 'ನೀವು ನಮ್ಮ ಮನೆಯವರು' ಎಂದು ಅದರ ಮೊದಲ ಸಾಲು.

ಒಂದು ಮಳೆಗಾಲ ಕಳೆದ ಮೇಲೆ ಉತ್ತರಗಳು ಬರತೊಡಗಿದವು. ಪ್ರತಿ ಉತ್ತರಕ್ಕೂ ಗೇಣುದ್ದದ ಹಗ್ಗದ ತುಂಡು ಸುತ್ತಿರುತ್ತಿತ್ತು. ವ್ಯಾಪಾರಿ ಹಿಗ್ಗಿದ. ನನ್ನ ಹಗ್ಗದಲ್ಲೇ ಕಟ್ಟಿ ಕಳುಹಿಸಿದ್ದಾರೆ, ಎಂಥ ಅಭಿಮಾನ ಎಂದುಕೊಂಡ. ಅವನ್ನು ಸಾಲಾಗಿ ಪೋಣಿಸಿ, ಬಂದವರಿಗೆಲ್ಲ ಕಾಣುವಂತೆ ಅಂಗಡಿಯ ಬಾಗಿಲಿಗೆ ತೋರಣ ಕಟ್ಟಿದ.

"ಒಂದನ್ನೂ ಬಿಚ್ಚಲಿಲ್ಲವೇ?" ಎಂದು ಚನ್ನವೀರ ನಡುವೆ ಬಾಯಿ ಹಾಕಿದ.

"ಮುಂದಿನ ತಿಂಗಳ ಪತ್ರ ಬರೆಸುವ ಅವಸರ. ಪುರಸೊತ್ತು ಎಲ್ಲಿತ್ತು?"

ಬೇಸಿಗೆಯಲ್ಲಿ ವ್ಯಾಪಾರಿ ತನ್ನ ಹಿತ್ತಲಿನ ಬಾವಿಯ ಹೂಳೆತ್ತಿಸಲು ಒಬ್ಬ ಬಾವಿ ಕೆಲಸದವನನ್ನು ಕರೆಸಿದ. ಅವನು ಇಪ್ಪತ್ತು ವರ್ಷಗಳಿಂದ ಅಂಗಡಿಯ ಗಿರಾಕಿ. ವ್ಯಾಪಾರಿ ಅಂಗಡಿಯಿಂದ ಹೊಸ ಹಗ್ಗ ತೆಗೆದುಕೊಟ್ಟ. ಕೆಲಸದವನು ಅದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ.

"ಧಣಿ, ಹೋದ ತಿಂಗಳು ನಾನೊಂದು ಕಾಗದ ಬರೆಸಿದ್ದೆ. ಮುಟ್ಟಿತಾ?"

"ಮುಟ್ಟದೆ ಏನು? ಅಗೋ, ಬಾಗಿಲ ಮೇಲೇ ಇದೆ ನೋಡು. ನಿನ್ನದನ್ನು ನಡುವೆ ಕಟ್ಟಿಸಿದ್ದೇನೆ."

"ಹಾಗಾದ್ರೆ ಬಿಡಿ. ನೀವು ನೋಡಿದ ಮೇಲೆ ನನಗೇನು ಹೆದರಿಕೆ?" ಎಂದು ಅವನು ನಕ್ಕು, ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿದ.

ಇಳಿಯುವಾಗ ಹಗ್ಗ ಒಣಗಿತ್ತು. ಏನೂ ಆಗಲಿಲ್ಲ. ಮಧ್ಯಾಹ್ನದವರೆಗೆ ಕೆಸರುನೀರಿನಲ್ಲಿ ನೆನೆಯಿತು. ಅವನನ್ನು ಮೇಲೆ ಎಳೆಯುವಾಗ, ಕಟ್ಟೆಗೆ ಇನ್ನೆರಡು ಮಾರು ಇರುವಂತೆ ಹಗ್ಗ ಹರಿಯಿತು.

ಕೂಗು ಕೇಳಿ ಬೀದಿಯವರೆಲ್ಲ ಓಡಿಬಂದರು. ಅಂಗಡಿಯ ತುಂಬ ಹಗ್ಗವಿತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಪಕ್ಕದ ಊರಿಗೆ ಓಡಿ ಬೇರೆ ಹಗ್ಗ ತಂದರು. ಅಷ್ಟು ಹೊತ್ತಿಗೆ ಬಾವಿಯೊಳಗಿನಿಂದ ದನಿ ಬರುವುದು ನಿಂತಿತ್ತು.

ಬೀದಿಗೆಲ್ಲ ಗೊತ್ತಿದ್ದದ್ದು ತನಗೊಬ್ಬನಿಗೇ ಗೊತ್ತಿಲ್ಲ ಎಂದು ವ್ಯಾಪಾರಿಗೆ ಆಗ ಹೊಳೆಯಿತು. ಅವನು ಹೋಗಿ ತೋರಣದ ನಡುವಿನ ಉತ್ತರವನ್ನು ಬಿಚ್ಚಿದ.

'ಧಣಿಗಳಿಗೆ ನಮಸ್ಕಾರ. ನಿಮ್ಮ ಹಗ್ಗ ಬಿಟ್ಟು ನಾನು ಬೇರೆಯದನ್ನು ಮುಟ್ಟಿದವನಲ್ಲ. ಆದರೆ ಈ ಸಲದ್ದು ನೆನೆದರೆ ಹುರಿ ಬಿಚ್ಚುತ್ತಿದೆ. ತುಂಡು ಕಳುಹಿಸಿದ್ದೇನೆ, ನೀರಿನಲ್ಲಿ ಅದ್ದಿ ನೋಡಿ. ನೀವು ನೋಡುವ ತನಕ ನಾನು ಬಾವಿಗೆ ಇಳಿಯುವುದಿಲ್ಲ.'

ಗುರುಗಳು ನಿಲ್ಲಿಸಿದರು.

"ಉಳಿದ ಉತ್ತರಗಳಲ್ಲಿ?" ಎಂದು ಚನ್ನವೀರ ಕೇಳಿದ.

"ಎಲ್ಲದರಲ್ಲೂ ಅದೇ. ಆ ಕೆಲಸದವನು ಸಿಟ್ಟಾಗಿ ಬಿಟ್ಟು ಹೋಗಿದ್ದರೆ ಬದುಕಿರುತ್ತಿದ್ದ. ನಂಬಿದ್ದರಿಂದ ಇಳಿದ."

ಹೊಗೆ ಮತ್ತೆ ಬಂತು. ಈ ಸಲ ಚನ್ನವೀರ ತಲೆ ಎತ್ತಿ ಅಡುಗೆಮನೆಯ ಕಡೆ ನೋಡಿದ. ಅಲ್ಲಿ ಗೋಡೆಯ ಪಕ್ಕದಲ್ಲಿ ಕಲ್ಲು ಹೂಡಿ ಸೌದೆ ಉರಿಸುತ್ತಿದ್ದರು.

ಗುರುಗಳು ಹೊಸ ಸಂಚಿಕೆಯನ್ನು ಮಡಿಸಿ ಅವನ ಕೈಗೆ ಕೊಟ್ಟರು.

"ದಾಸೋಹದಲ್ಲಿ ನಿನ್ನ ಒಲೆಯನ್ನು ನಂದಿಸಿ ಆರು ತಿಂಗಳಾಯಿತು, ಏಕೆ ಎಂದು ಅಂದೇ ನಿನಗೆ ಬರೆದಿದ್ದೇನೆ."